ಪಕ್ಕದ ಮನೆಯ ಕಿಟಕಿ



ರೇಷ್ಮೆ ಗೂಡು ಯಾರಿಗೂ ಕಾಯುವುದಿಲ್ಲ. ಹುಳು ಗೂಡು ಕಟ್ಟತೊಡಗಿದ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಬಾರದು. ಚಂದ್ರಿಕೆಯಿಂದ ಗೂಡು ಬಿಡಿಸುವ ಹೊತ್ತಿಗೆ ಐದಾರು ದಿನ ಆಗಲೇ ಕಳೆದಿರುತ್ತವೆ. ಉಳಿದ ನಾಲ್ಕೈದು ದಿನಗಳೊಳಗೆ ಅದು ಚೀಲ ಸೇರಿ, ಆಟೋವನ್ನೋ ಬಸ್ಸನ್ನೋ ಹತ್ತಿ, ಮಾರುಕಟ್ಟೆ ತಲುಪಿ, ಹರಾಜಾಗಿ, ರೀಲರರ ಮನೆಯಲ್ಲಿ ಹಬೆಗೋ ಬಿಸಿಗಾಳಿಗೋ ಒಡ್ಡಿಕೊಳ್ಳಬೇಕು. ರಾಗಿಯಂತೆ, ಕಡಲೆಕಾಯಿಯಂತೆ, ಒಳ್ಳೆಯ ಬೆಲೆ ಬಂದಾಗ ಮಾರೋಣವೆಂದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ನಾನು ಹೇಳಹೊರಟಿರುವುದು ಚಿಲಮತ್ತೂರಿನ ಸುತ್ತಮುತ್ತಲ ಮಾತು. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿದರೆ ಆಂಧ್ರದ ಗಡಿಯಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ಸಿಗುತ್ತದೆ. ಅಲ್ಲಿಂದ ಎಡಕ್ಕೆ ತಿರುಗಿದರೆ ಚಿಲಮತ್ತೂರು, ಮುಂದೆ ಲೇಪಾಕ್ಷಿ, ಅದರ ಮುಂದೆ ಹಿಂದೂಪುರ. ಮೊದಲು ಅನಂತಪುರ ಜಿಲ್ಲೆಯಲ್ಲಿದ್ದ ಈ ಊರುಗಳು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ಒಂದೇ ಮನೆಯಲ್ಲಿ ಅಜ್ಜಿ ಕನ್ನಡ, ಸೊಸೆ ತೆಲುಗು, ಮೊಮ್ಮಕ್ಕಳು ಎರಡೂ ಮಾತನಾಡುವ ನಾಡಿದು. ಇಲ್ಲಿಯ ರೈತನಿಗೆ ಬೆಲೆ ಎಲ್ಲಿ ಚೆನ್ನಾಗಿದೆಯೋ ಅದೇ ತನ್ನ ರಾಜ್ಯ. ಒಂದು ಸಲ ಹಿಂದೂಪುರದ ಗೂಡಿನ ಮಾರುಕಟ್ಟೆ, ಇನ್ನೊಂದು ಸಲ ಶಿಡ್ಲಘಟ್ಟ, ಧೈರ್ಯವಿದ್ದವರಿಗೆ ರಾಮನಗರ.

ಕುಟುಂಬ ಭೇಟಿಗೆ ಹೋದಾಗಲೆಲ್ಲ ನಾನು ಹುಳದ ಮನೆಯ ಹೊಸ್ತಿಲಿನಲ್ಲೇ ನಿಲ್ಲುತ್ತೇನೆ. ಒಳಗೆ ಹೋಗುವವರು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲಿಟ್ಟು ಹೋಗಬೇಕು, ಕೈ ತೊಳೆಯಬೇಕು. ಪಾದ್ರಿಯೆಂದು ವಿನಾಯಿತಿ ಇಲ್ಲ, ಇರಲೂ ಬಾರದು. ಹಾಗೆ ನಿಂತಿದ್ದಾಗ ನಮ್ಮ ಭಕ್ತಾದಿಗಳಲ್ಲಿ ಒಬ್ಬ ತಾಯಿ ಆಡಿದ ಮಾತೊಂದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು, ಡ್ವಾಕ್ರಾ ಸಂಘದ ಸಾಲದಲ್ಲಿ ಹುಳದ ಮನೆ ಕಟ್ಟಿಸಿ, ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ಕಳೆದ ಮಳೆಗಾಲದ ಒಂದು ಬೆಳೆ ಅವರ ಕೈಗೆ ಅರ್ಧವೂ ಬರಲಿಲ್ಲ. ಊಜಿ ನೊಣ.

“ಅಮ್ಮಾ, ಬಲೆ ಹಾಕಿಸಿರಲಿಲ್ವಾ?” ಎಂದು ಕೇಳಿದೆ.

“ನಮ್ಮ ಮನೆ ಕಿಟಕಿಗೆ, ಬಾಗಿಲಿಗೆ ಎಲ್ಲಾ ಹಾಕಿಸಿದೀನಿ ಫಾದರ್. ಪಕ್ಕದ ಮನೆ ಕಿಟಕಿಗೆ ಯಾರು ಹಾಕಿಸ್ತಾರೆ?” ಎಂದರು.

ಈ ಮಾತಿನ ಹಿಂದಿನ ಸಂಗತಿ ಅರ್ಥವಾಗಬೇಕಾದರೆ ಆ ನೊಣದ ಕಥೆಯನ್ನು ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಊಜಿ ನೊಣ ಮೊದಲು ಇರಲಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಸಾಗಿಸಿದ ಗೂಡಿನ ಜೊತೆಯಲ್ಲಿ ಬಂತು ಎನ್ನುತ್ತಾರೆ ತಜ್ಞರು. ಅಂದರೆ ಅದು ವ್ಯಾಪಾರದ ದಾರಿಯಲ್ಲೇ ಪ್ರಯಾಣ ಮಾಡಿ ಬಂದದ್ದು. ದೊಡ್ಡ ಹುಳುವಿನ ಮೈಮೇಲೆ ಅದು ಮೊಟ್ಟೆಯಿಡುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಹುಳುವಿನೊಳಗೆ ಕೊರೆದು ಹೋಗುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಕೆಲವು ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತವೆ. ಇನ್ನು ಕೆಲವು ಗೂಡು ಕಟ್ಟುತ್ತವೆ, ಆದರೆ ಊಜಿಯ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬಿದ್ದು ಮಣ್ಣಿನಲ್ಲೋ ಗೋಡೆಯ ಬಿರುಕಿನಲ್ಲೋ ಅಡಗಿ ಮತ್ತೆ ನೊಣವಾಗುತ್ತದೆ.

ಈಗ ನೋಡಿ. ಆ ಮರಿ ಹೊರಬೀಳುವುದು ರೈತನ ಮನೆಯಲ್ಲಿ ಮಾತ್ರವಲ್ಲ. ಗೂಡು ಮಾರುಕಟ್ಟೆಗೆ ಹೋದರೆ ಅಲ್ಲಿಯ ನೆಲದ ಮೇಲೆ ಬೀಳುತ್ತದೆ. ರೀಲರರ ಮನೆಗೆ ಹೋದರೆ ಅಲ್ಲಿಯ ಉಗ್ರಾಣದಲ್ಲಿ ಬೀಳುತ್ತದೆ. ಅದನ್ನು ಗುಡಿಸಿ ಕೊಲ್ಲುವುದು ಯಾರ ಕೆಲಸ? ರೈತ ಗೂಡು ಮಾರಿ ಊರಿಗೆ ಹೋಗಿಯಾಯಿತು. ರೀಲರರಿಗೆ ಹುಳು ಸಾಕುವ ಚಿಂತೆಯಿಲ್ಲ. ಮಾರುಕಟ್ಟೆಯಲ್ಲಿ ಗುಡಿಸುವವರಿಗೆ ಅದು ಕಸ. ಆದರೆ ಆ ಕಸ ನೊಣವಾಗಿ ಹಾರಿ ಮತ್ತೆ ಹುಳದ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ. ನೊಣ ಕಾಡಿದ ಬೆಳೆಯ ಗೂಡು ಕಡಿಮೆಯಾದಾಗ ಅದೇ ರೀಲರರು ಕೊಳ್ಳಲು ಗೂಡಿಲ್ಲದೆ ಒಲೆ ಆರಿಸಿ ಕೂರುತ್ತಾರೆ. ಒಬ್ಬೊಬ್ಬರೂ ತಮ್ಮ ಮನೆಯನ್ನು ಮಾತ್ರ ಕಾದುಕೊಂಡರೆ ಯಾರ ಮನೆಯೂ ಉಳಿಯದ ತೊಂದರೆ ಇದು.

ಪರಿಹಾರ ಗೊತ್ತಿಲ್ಲದೆ ಇಲ್ಲ. ಕಿಟಕಿಗೆ ನೈಲಾನ್ ಬಲೆ, ಊಜಿಯ ಕೋಶವನ್ನೇ ತಿಂದುಹಾಕುವ ನೆಸೊಲಿಂಕ್ಸ್ ಎಂಬ ಸಣ್ಣ ಪರೋಪಜೀವಿ ಕೀಟವನ್ನು ಹುಳದ ಮನೆಯಲ್ಲಿ ಬಿಡುವುದು, ಬೆಳೆ ಬೆಳೆಯ ನಡುವೆ ಮನೆಯನ್ನು ಸೋಂಕು ನಿವಾರಣೆ ಮಾಡಿ ಖಾಲಿ ಬಿಡುವುದು, ಹೀಗೆ. ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯವರೂ ಹಿಂದೂಪುರದ ಪಕ್ಕದ ಕಿರಿಕೇರಾದಲ್ಲಿರುವ ಆಂಧ್ರದ ರೇಷ್ಮೆ ಸಂಶೋಧನಾ ಸಂಸ್ಥೆಯವರೂ ರೈತರಿಗೆ ತಿಳಿವಳಿಕೆ ಕೊಡುತ್ತ ಬಂದಿದ್ದಾರೆ. ಆದರೆ ಈ ಉಪಾಯಗಳಲ್ಲಿ ಯಾವುದೂ ಒಂದು ಮನೆಯವರು ಮಾಡಿದರೆ ಪೂರ್ತಿ ಫಲ ಕೊಡುವುದಿಲ್ಲ. ಊರಿನವರೆಲ್ಲ ಒಂದೇ ವಾರದಲ್ಲಿ ಚಾಕಿ ಹುಳು ತಂದು, ಒಂದೇ ವಾರದಲ್ಲಿ ಮುಗಿಸಿ, ಒಟ್ಟಿಗೆ ಮನೆ ಖಾಲಿ ಬಿಟ್ಟರೆ ನೊಣಕ್ಕೆ ಮೊಟ್ಟೆಯಿಡಲು ಹುಳುವೇ ಸಿಗದು. ಒಬ್ಬರ ಮನೆಯಲ್ಲಿ ಹುಳು ಇದ್ದರೂ ಸಾಕು, ನೊಣದ ಸಂತತಿ ಅಲ್ಲಿ ಬದುಕಿಕೊಳ್ಳುತ್ತದೆ.

ಸೆಮಿನರಿಯಲ್ಲಿ ನಾವು ಕಲಿತದ್ದು ತತ್ವಶಾಸ್ತ್ರ, ದೈವಶಾಸ್ತ್ರ. ವ್ಯಾಪಾರ ಶಾಸ್ತ್ರದ ಗಂಧ ನನಗಿರಲಿಲ್ಲ. ಪೂರೈಕೆ ಸರಪಳಿ ಎಂಬ ಮಾತನ್ನು ನನಗೆ ಕಲಿಸಿದವರು ನಮ್ಮ ಯುವಕರು. ಪೆನುಕೊಂಡದ ಬಳಿ ಎರ್ರಮಂಚಿಯಲ್ಲಿ ಕೊರಿಯಾದ ಕಿಯಾ ಕಂಪನಿಯ ಕಾರ್ಖಾನೆ 2019ರ ಡಿಸೆಂಬರ್‌ನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ವರ್ಷಕ್ಕೆ 3 ಲಕ್ಷ ವಾಹನ ತಯಾರಿಸಬಲ್ಲ ಕಾರ್ಖಾನೆ. ಅದರ ಸುತ್ತ ಬಿಡಿಭಾಗ ಮಾಡುವ ಕಂಪನಿಗಳು ಬಂದವು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಮನೆಗಳ ಹುಡುಗರು ಕಂಪನಿ ಬಸ್ಸಿಗೆ ಕಾಯತೊಡಗಿದರು. ಅಣ್ಣ ಹುಳದ ಮನೆಯಲ್ಲಿ, ತಮ್ಮ ಸೀಟು ಜೋಡಿಸುವ ಘಟಕದಲ್ಲಿ ಇರುವ ಮನೆಗಳು ನನಗೆ ಗೊತ್ತು.

ಅಂಥ ಒಬ್ಬ ತಮ್ಮ ನನಗೆ ವಿವರಿಸಿದ: “ಫಾದರ್, ನಾವು ಸೀಟು ಮಾಡಿ ರಾಶಿ ಹಾಕಲ್ಲ. ಆ ಕಡೆ ಲೈನಲ್ಲಿ ಬಿಳಿ ಗಾಡಿ, ಕೆಂಪು ಗಾಡಿ ಯಾವ ಕ್ರಮದಲ್ಲಿ ಬರುತ್ತೋ ಅದೇ ಕ್ರಮದಲ್ಲಿ ನಮ್ಮ ಸೀಟು ಹೋಗ್ಬೇಕು.” ದಾಸ್ತಾನು ಇಡದೆ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳುವ ಈ ಪದ್ಧತಿಯನ್ನು ಬೆಳೆಸಿದವರು ಜಪಾನಿನ ಟೊಯೋಟಾ ಕಂಪನಿಯವರು. ನಮ್ಮ ಬಿಡದಿಯಲ್ಲೂ ಅವರ ಕಾರ್ಖಾನೆ ಇದೆ. ಹಣ ಉಳಿಯುತ್ತದೆ, ಜಾಗ ಉಳಿಯುತ್ತದೆ. ಆದರೆ ಒಂದು ಕೊಂಡಿ ಕಳಚಿದರೆ ಗಂಟೆಗಳೊಳಗೆ ಎಲ್ಲವೂ ನಿಲ್ಲುತ್ತದೆ. 2020ರ ಲಾಕ್‌ಡೌನ್‌ನಲ್ಲಿ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. 2021ರಲ್ಲಿ ಚಿಪ್ ಎಂಬ ಉಗುರಿನಷ್ಟು ಸಣ್ಣ ವಸ್ತು ಸಿಗದೆ ಲೋಕದ ಕಾರು ಕಂಪನಿಗಳೆಲ್ಲ ಒದ್ದಾಡಿದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರುತಿ ಕಂಪನಿ ತನ್ನ ಉತ್ಪಾದನೆ ಮಾಮೂಲಿನ ಸುಮಾರು ಶೇ. 40ಕ್ಕೆ ಇಳಿಯಬಹುದೆಂದು ಮೊದಲೇ ಪ್ರಕಟಿಸಿತ್ತು. ಇಂಥ ಸಮಯದಲ್ಲಿ ಮೊದಲು “ನಾಳೆ ಬರಬೇಡ” ಎನಿಸಿಕೊಳ್ಳುವವನು ಗುತ್ತಿಗೆಯ ಹುಡುಗ. ಸರಪಳಿಯ ಲೆಕ್ಕ ಹಾಕುವ ಪಂಡಿತರು ಅವನನ್ನು ಕೊಂಡಿಯೆಂದು ಎಣಿಸುತ್ತಾರೋ ಇಲ್ಲವೋ!

ಟೊಯೋಟಾದವರಿಗೆ ತಮ್ಮ ಪದ್ಧತಿಯ ಅಪಾಯ ಇದಕ್ಕೂ ಬಹಳ ಮೊದಲೇ, 1997ರಲ್ಲಿ ಮನವರಿಕೆಯಾಗಿತ್ತು. ಆ ವರ್ಷ ಫೆಬ್ರುವರಿ 1ರ ಶನಿವಾರ ನಸುಕಿನಲ್ಲಿ ಕರಿಯಾ ಎಂಬ ಊರಿನಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನ ಒತ್ತಡವನ್ನು ಗಾಲಿಗಳಿಗೆ ಹದವಾಗಿ ಹಂಚುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಕವಾಟವನ್ನು ಅಲ್ಲಿ ಮಾಡುತ್ತಿದ್ದರು. ಟೊಯೋಟಾಕ್ಕೆ ಬೇಕಾದ ಕವಾಟಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಕಾರ್ಖಾನೆಯಿಂದ ಬರುತ್ತಿದ್ದವು. ದಾಸ್ತಾನು ಎರಡು ಮೂರು ದಿನಕ್ಕೆ ಆಗುವಷ್ಟು. ಮಂಗಳವಾರ, ಬುಧವಾರಗಳಲ್ಲಿ ಟೊಯೋಟಾದ ಜೋಡಣಾ ಲೈನುಗಳು ಒಂದೊಂದಾಗಿ ನಿಂತವು.

ಆಮೇಲೆ ನಡೆದದ್ದು ಓದಿದಷ್ಟೂ ಆಶ್ಚರ್ಯ ತರುತ್ತದೆ. ಬೆಂಕಿ ಬಿದ್ದ ದಿನವೇ ಐಸಿನ್ ತನ್ನ ಕವಾಟದ ನಕ್ಷೆಗಳನ್ನು ಬೇರೆ ಕಂಪನಿಗಳಿಗೆ ಕೊಡತೊಡಗಿತು. ಸುಮಾರು 200 ಕಂಪನಿಗಳು ಒಂದಲ್ಲ ಒಂದು ರೀತಿಯಲ್ಲಿ ಕೈಹಾಕಿದವು. ಅವುಗಳಲ್ಲಿ ಅರುವತ್ತಕ್ಕೂ ಹೆಚ್ಚು ಕಂಪನಿಗಳು ಕವಾಟವನ್ನೇ ಮಾಡಿಕೊಟ್ಟವು. ಕಾರಿನ ಭಾಗವನ್ನು ಎಂದೂ ಮಾಡಿರದ, ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಅದರಲ್ಲಿ ಒಂದು. ಹಣದ ಮಾತು, ನಕ್ಷೆಯ ಹಕ್ಕಿನ ಮಾತು ಯಾರೂ ಮೊದಲು ಎತ್ತಲಿಲ್ಲವಂತೆ. ಬೆಂಕಿ ಬಿದ್ದು ಒಂದು ವಾರ ಕಳೆಯುವಷ್ಟರಲ್ಲಿ ಕಾರುಗಳು ಹೆಚ್ಚುಕಡಿಮೆ ಮೊದಲಿನಂತೆ ಹೊರಬರುತ್ತಿದ್ದವು. ನೇರ ಖರ್ಚನ್ನು ಆಮೇಲೆ ಐಸಿನ್ ಭರಿಸಿತು. ಟೊಯೋಟಾ ತನ್ನ ನೇರ ಪೂರೈಕೆದಾರರಿಗೆ ಆ ಮೂರು ತಿಂಗಳ ವ್ಯಾಪಾರದ ಶೇ. 1ರಷ್ಟನ್ನು ಕೃತಜ್ಞತೆಯಾಗಿ ಕೊಟ್ಟಿತು.

2011ರ ಮಾರ್ಚ್ 11ರ ಭೂಕಂಪದ ನಂತರವೂ ಇಂಥದೇ ನಡೆಯಿತು. ರೆನೆಸಾಸ್ ಎಂಬ ಚಿಪ್ ಕಂಪನಿಯ ನಾಕಾ ಕಾರ್ಖಾನೆ ಹಾಳಾದಾಗ, ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾದ ಕಾರು ಕಂಪನಿಗಳು ತಂತಮ್ಮ ಎಂಜಿನಿಯರುಗಳನ್ನು ಅಲ್ಲಿಗೆ ಕಳಿಸಿದವು. ಕೆಲವು ದಿನ ಹೊರಗಿನಿಂದ ಬಂದವರೇ 2,500ರಷ್ಟು ಜನ ಅಲ್ಲಿ ದುಡಿದರು. ಅಂದುಕೊಂಡದ್ದಕ್ಕಿಂತ ಮೊದಲೇ, ಜೂನ್ 1ಕ್ಕೆ ಕೆಲಸ ಮತ್ತೆ ಶುರುವಾಯಿತು. ಪಕ್ಕದ ಮನೆಯ ಕಿಟಕಿಗೆ ಬಲೆ ಹಾಕಿಸುವುದೆಂದರೆ ಇದೇ ಅಲ್ಲವೇ? ಅವರು ದಾನಧರ್ಮಕ್ಕೆ ಹೋದವರಲ್ಲ. ಆ ಚಿಪ್ ಇಲ್ಲದೆ ತಮ್ಮ ಲೈನು ನಡೆಯದು ಎಂದು ಗೊತ್ತಿದ್ದೇ ಹೋದರು.

ಆದರೆ ಬೆಂಕಿ ಬಿದ್ದ ದಿನ ಪರಿಚಯ ಮಾಡಿಕೊಂಡು ಇಂಥ ಕೆಲಸ ಮಾಡಲಾಗದು. ಆ ಕಂಪನಿಗಳು ವರ್ಷಗಟ್ಟಲೆ ಒಟ್ಟಿಗೆ ಕುಳಿತು, ಒಬ್ಬರ ಕಾರ್ಖಾನೆಯನ್ನು ಇನ್ನೊಬ್ಬರು ನೋಡಿ, ಮುಂದಿನ ತಿಂಗಳು ತಮಗೆ ಎಷ್ಟು ಬೇಕೆಂದು ಮೊದಲೇ ಹೇಳಿ ರೂಢಿ ಮಾಡಿಕೊಂಡಿದ್ದವು. ನಮ್ಮ ರೇಷ್ಮೆಯ ಸರಪಳಿಯಲ್ಲಿ ಇದು ಎಷ್ಟರಮಟ್ಟಿಗೆ ಇದೆ?

ಒಂದು ಕಡೆ ಚೆನ್ನಾಗಿಯೇ ಇದೆ. ಗಂಟು ರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿದಾಗ 1865ರಲ್ಲಿ ಲೂಯಿ ಪಾಶ್ಚರ್ ಅದರ ಬೆನ್ನುಹತ್ತಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಅದರ ಮೊಟ್ಟೆಯನ್ನೆಲ್ಲ ನಾಶ ಮಾಡುವುದು, ಇದು ಅವರು ತೋರಿಸಿದ ದಾರಿ. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ಅದೇ ನಡೆಯುತ್ತದೆ. ಚಿಲಮತ್ತೂರಿನ ರೈತ ತಾನು ಕಾಣದ ಯಾರೋ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಸರಿಯಾಗಿ ನೋಡಿದ್ದಾರೆಂದು ನಂಬಿ ಹುಳು ತರುತ್ತಾನೆ. ಚಾಕಿ ಕೇಂದ್ರಗಳು ಬಂದ ಮೇಲೆ ಎರಡನೇ ಜ್ವರದವರೆಗಿನ ನಾಜೂಕು ಮರಿಗಳ ಪಾಲನೆಯೂ ಒಂದೆಡೆ ನಡೆದು ಪ್ರತಿಯೊಬ್ಬನ ಅಪಾಯ ಕಡಿಮೆಯಾಗಿದೆ.

ಅಲ್ಲಿಂದ ಮುಂದೆ ಕತ್ತಲು. ರೈತನಿಗೆ ರೀಲರರ ಮನೆಯಲ್ಲಿ ಎಷ್ಟು ನೂಲು ಮಾರಾಟವಾಗದೆ ಕುಳಿತಿದೆ ಎಂಬುದು ತಿಳಿಯದು. ರೀಲರರಿಗೆ ಧರ್ಮಾವರಂನಲ್ಲಿ ಎಷ್ಟು ಮಗ್ಗ ನಡೆಯುತ್ತಿವೆ ಎಂಬುದು ಸರಿಯಾಗಿ ತಿಳಿಯದು. ಮಗ್ಗದವರಿಗೆ ಮುಂದಿನ ತಿಂಗಳು ಗೂಡು ಎಷ್ಟು ಬರುತ್ತದೆಂದು ತಿಳಿಯದು. 2020ರಲ್ಲಿ ಮದುವೆಗಳು ನಿಂತು, ಸೀರೆ ಅಂಗಡಿ ಮುಚ್ಚಿ, ಮಗ್ಗ ನಿಂತು, ನೂಲು ಕುಳಿತು, ಕೊನೆಗೆ ಗೂಡಿನ ಬೆಲೆ ಬಿತ್ತು. ಆ ಸುದ್ದಿ ಎಷ್ಟು ತಡವಾಗಿ ಬಂತೆಂದರೆ ಅಷ್ಟರಲ್ಲಿ ರೈತನ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುತ್ತಿತ್ತು. ಅದನ್ನು ಬಿಡುವಂತಿಲ್ಲ, ಸಾಕುವಂತಿಲ್ಲ.

ಬೇಕಾದ ಮಾಹಿತಿ ಎಲ್ಲಿಯೂ ಇಲ್ಲವೆಂದಲ್ಲ. ಚಾಕಿ ಕೇಂದ್ರದ ಪುಸ್ತಕದಲ್ಲಿ ಇದೆ. ಯಾವ ಊರಿಗೆ, ಯಾವ ತಾರೀಖು, ಎಷ್ಟು ಮೊಟ್ಟೆಯ ಹುಳು ಹೋಯಿತೆಂದು ಅದರಲ್ಲಿ ಬರೆದಿರುತ್ತಾರೆ. ಅಲ್ಲಿಂದ ಮೂರು ಮೂರೂವರೆ ವಾರಕ್ಕೆ ಆ ಗೂಡು ಮಾರುಕಟ್ಟೆಯಲ್ಲಿರುತ್ತದೆ. ಅಂದರೆ ಮುಂದಿನ ತಿಂಗಳ ಮಾರುಕಟ್ಟೆ ಇಂದೇ ಆ ನೂರು ಪುಟದ ಪುಸ್ತಕದಲ್ಲಿದೆ. ಎಲ್ಲ ಕೇಂದ್ರಗಳ ಮೊತ್ತವನ್ನು ಕೂಡಿ ವಾರಕ್ಕೊಮ್ಮೆ ಮಾರುಕಟ್ಟೆಯ ಫಲಕದ ಮೇಲೆ ಬರೆದರೆ ರೀಲರರು ಹಣ ಹೊಂದಿಸಿಕೊಳ್ಳಬಹುದು, ರೈತರು ತಾರೀಖು ಹಿಂದೆಮುಂದೆ ಮಾಡಿಕೊಳ್ಳಬಹುದು.

ಇದು ಬಹಳ ಬೇಕು. ಏಕೆಂದರೆ ಊಜಿಗೆ ಹೇಳಿದ ಮದ್ದಿನಲ್ಲೇ ಒಂದು ತೊಡಕಿದೆ. ಎಲ್ಲರೂ ಒಂದೇ ವಾರ ಹುಳು ತಂದರೆ ನೊಣ ಸೋಲುತ್ತದೆ, ಆದರೆ ಎಲ್ಲರ ಗೂಡೂ ಒಂದೇ ದಿನ ಮಾರುಕಟ್ಟೆಗೆ ಬಂದು ಬೆಲೆಯೂ ಸೋಲುತ್ತದೆ. ಊರಿನೊಳಗೆ ಒಟ್ಟಿಗೆ, ಊರು ಊರಿಗೆ ವಾರ ವಾರ ಹಂಚಿಕೊಂಡು ನಡೆಯಬೇಕು. ಹಾಗೆ ಹಂಚುವುದಕ್ಕೆ ನಾಲ್ಕು ಊರಿನವರು ಒಂದು ಕಡೆ ಕೂರಬೇಕು.

ರೀಲರರು ಒಟ್ಟಿಗೆ ಕೂತರೆ ಹರಾಜಿನಲ್ಲಿ ಬೆಲೆ ಇಳಿಸಲು ಒಳಒಪ್ಪಂದ ಮಾಡಿಕೊಳ್ಳುವುದಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬಹಿರಂಗ ಹರಾಜು, ಈಗಿನ ಇ-ಹರಾಜು ಇರುವುದೇ ಆ ಭಯಕ್ಕೆ. ನನ್ನ ಅಭಿಪ್ರಾಯದಲ್ಲಿ ಹಂಚಿಕೊಳ್ಳಬೇಕಾದದ್ದು ಪ್ರಮಾಣವನ್ನು, ತಾರೀಖನ್ನು, ರೋಗದ ಸುದ್ದಿಯನ್ನು. ಬೆಲೆಯನ್ನಲ್ಲ. ಅದು ಹರಾಜಿನ ಕಟ್ಟೆಯ ಮೇಲೆಯೇ ತೀರ್ಮಾನವಾಗಲಿ.

ಎಲ್ಲರ ಹಿತವೂ ಒಂದೇ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿದಾಗ ಗೂಡಿನ ಬೆಲೆ ಕುಸಿದು ಎಷ್ಟೋ ಜನ ಹಿಪ್ಪುನೇರಳೆ ಕಿತ್ತರು. ಅದೇ ಹೊತ್ತಿನಲ್ಲಿ ಅಗ್ಗದ ಚೀನಾ ನೂಲು ಸಿಕ್ಕಿತೆಂದು ಮಗ್ಗದವರು ಉಸಿರಾಡಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿದಾಗ ಇವರ ಮುಖ ಅರಳಿ ಅವರ ಮುಖ ಬಾಡಿತು. ಬೆಲೆ ಬಿದ್ದಾಗ ನೂಲು ಕೊಂಡು ತಡೆಯಲೆಂದೇ ಕರ್ನಾಟಕ ಸರ್ಕಾರ 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಸ್ಥಾಪಿಸಿತ್ತು. ಆದರೆ ಇಡೀ ಮಾರುಕಟ್ಟೆಯ ಭಾರವನ್ನು ಒಂದು ಮಂಡಳಿ ಎಷ್ಟೆಂದು ಹೊರಬಲ್ಲದು? ಬೆಲೆಯ ವಿಷಯದಲ್ಲಿ ಜಗಳ ಇದ್ದದ್ದೇ. ಆದರೆ ನೊಣದ ವಿಷಯದಲ್ಲಿ, ರೋಗದ ವಿಷಯದಲ್ಲಿ, ಗೂಡು ಯಾವಾಗ ಬರುತ್ತದೆಂಬ ವಿಷಯದಲ್ಲಿ ಜಗಳವಾಡಲು ಏನಿದೆ?

ಇತ್ತೀಚೆಗೆ ಒಂದು ಭಾನುವಾರ ಪೂಜೆಯ ನಂತರ ಆ ತಾಯಿಯ ಬೀದಿಯ ಏಳು ಮನೆಯವರನ್ನು ಒಟ್ಟಿಗೆ ಕೂರಿಸಿದೆವು. ಏಳರಲ್ಲಿ ಮೂರು ಮನೆಯವರು ಮಾತ್ರ ನಮ್ಮ ಭಕ್ತಾದಿಗಳು, ಉಳಿದವರು ಬೇರೆಯವರು. ನೊಣಕ್ಕೆ ಆ ಭೇದವಿಲ್ಲ. ಚಾಕಿ ಕೇಂದ್ರದವರು ಬಂದಿದ್ದರು. ರೈತರ ಹೆಸರು ಹೇಳದೆ ಊರುವಾರು ಮೊತ್ತ ಮಾತ್ರ ಕೊಡಲು ಒಪ್ಪಿದರು. ಶಿಡ್ಲಘಟ್ಟದ ಇಬ್ಬರು ರೀಲರರು ಫೋನಿನಲ್ಲಿ, ಬಿಡುವಿನ ದಿನ ನೋಡಿ ಕರೆದರೆ ಬರುತ್ತೇವೆ ಎಂದಿದ್ದಾರೆ. ತಮ್ಮ ಉಗ್ರಾಣದ ಊಜಿ ಮರಿಗಳನ್ನು ಗುಡಿಸಿ ಸೋಪಿನ ನೀರಿಗೆ ಹಾಕುವುದು ದೊಡ್ಡ ಕೆಲಸವಲ್ಲ, ಇದುವರೆಗೆ ಯಾರೂ ಕೇಳಿರಲಿಲ್ಲ ಎಂದರಂತೆ ಅವರಲ್ಲಿ ಒಬ್ಬರು.

ತೊಡಕು ಬಂದದ್ದು ಏಳನೆಯ ಮನೆಯಲ್ಲಿ. ಬಲೆಯಿಲ್ಲದ ಕಿಟಕಿ ಅವರದೇ. ಮನಸ್ಸಿಲ್ಲದೆ ಅಲ್ಲ, ಹೋದ ಬೆಳೆಯೂ ಕೆಟ್ಟು ಕೈಯಲ್ಲಿ ಹಣವಿಲ್ಲ. ಉಳಿದ ಆರು ಮನೆಯವರು ಸೇರಿ ಹಾಕಿಸಿಕೊಡುವುದೋ ಬೇಡವೋ ಎಂದು ಬಹಳ ಹೊತ್ತು ಮಾತಾಯಿತು. “ಅವರಿಗೆ ನಾವ್ಯಾಕೆ ಕೊಡ್ಬೇಕು?” ಎಂದವರೂ ಇದ್ದರು. ನಾನು ಬಾಯಿ ಹಾಕಲಿಲ್ಲ. ಕೊನೆಗೆ ಆ ತಾಯಿಯೇ ಎದ್ದು ಹಗ್ಗ ಹಿಡಿದುಕೊಂಡು ಹೋಗಿ ಅಳತೆ ತೆಗೆದುಕೊಂಡು ಬಂದರು. ನಾಲ್ಕಡಿಗೆ ಮೂರಡಿಯ ಕಿಟಕಿ ಎರಡು, ಬಾಗಿಲು ಒಂದು. ಬಲೆ ಹಿಂದೂಪುರದಿಂದ ಬರಬೇಕು. ಆರು ಮನೆಯಲ್ಲಿ ನಾಲ್ಕು ಮನೆಯ ಹಣ ಬಂದಿದೆ, ಮುಂದಿನ ಚಾಕಿಗೆ ಇನ್ನು ಹನ್ನೊಂದು ದಿನ ಇದೆ.